ಹತ್ತು ಟನ್ ಎಂದರೆ ಎಷ್ಟು? ಒಂದು ಚಿಲ್ಲರ್ ಬದಲಾವಣೆಯ ಪ್ರಕರಣ ಅಧ್ಯಯನ

ಆ ಕೊಠಡಿಯ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಿಲ್ಲಬೇಕಿತ್ತು. ನೀರನ್ನು ತಣಿಸಿ ಕೊಠಡಿಯನ್ನು ತಂಪಾಗಿಡುವ ಯಂತ್ರವಾದ ಚಿಲ್ಲರ್ ಅನ್ನು ಹೊಸದಾಗಿ ಕೂರಿಸಿದ ಮೊದಲ ಬೇಸಿಗೆಯಲ್ಲೇ ಮಧ್ಯಾಹ್ನ ಒಂದು ಗಂಟೆಯ ನಂತರ ಅದು ನಿಧಾನವಾಗಿ ಏರತೊಡಗಿತು. ನಾಲ್ಕು ಗಂಟೆಯ ಹೊತ್ತಿಗೆ 22.5ಕ್ಕೆ ಬಂದು ನಿಲ್ಲುತ್ತಿತ್ತು. ರಾತ್ರಿ ಮತ್ತೆ 20, ಮರುದಿನ ಮಧ್ಯಾಹ್ನ ಮತ್ತೆ ಅದೇ ಏರಿಕೆ.

ಎರಡೂವರೆ ಡಿಗ್ರಿ ದೊಡ್ಡದೇನಲ್ಲ ಎಂದು ಬೇರೆ ಕಡೆ ಸುಮ್ಮನಿರಬಹುದಿತ್ತು. ಆದರೆ ಅದು ಉದ್ದ ಅಳೆಯುವ ಸಾಧನಗಳನ್ನು ಪರೀಕ್ಷಿಸುವ ಪ್ರಯೋಗಾಲಯ. ಉದ್ದದ ಅಳತೆಗೆ ಜಗತ್ತೆಲ್ಲ ಒಪ್ಪಿಕೊಂಡಿರುವ ಉಲ್ಲೇಖ ಉಷ್ಣತೆಯೇ 20 ಡಿಗ್ರಿ. ಒಂದು ಮೀಟರ್ ಉದ್ದದ ಉಕ್ಕಿನ ಪಟ್ಟಿ ಎರಡೂವರೆ ಡಿಗ್ರಿ ಬಿಸಿಯಾದರೆ ಸುಮಾರು 29 ಮೈಕ್ರೋಮೀಟರ್ ಹಿಗ್ಗುತ್ತದೆ. ಕಣ್ಣಿಗೆ ಕಾಣದ ಈ ಹಿಗ್ಗುವಿಕೆ ಅಲ್ಲಿನ ಕೆಲಸವನ್ನು ದಿನದ ಅರ್ಧ ಹೊತ್ತು ನಿಲ್ಲಿಸಿಬಿಟ್ಟಿತ್ತು.

ನನ್ನನ್ನು ಕರೆಯುವ ಹೊತ್ತಿಗೆ ಮೂರು ವಾರ ಕಳೆದಿದ್ದವು. ಅಷ್ಟರಲ್ಲಿ ಗ್ಯಾಸ್ ಒತ್ತಡವನ್ನು ನೋಡಿ ಆಗಿತ್ತು, ಕಂಡೆನ್ಸರ್ ಅನ್ನು ಎರಡು ಸಲ ತೊಳೆದಾಗಿತ್ತು, ಗಾಳಿಯ ಫಿಲ್ಟರ್‌ಗಳನ್ನೂ ಉಷ್ಣತೆಯ ಸೆನ್ಸರ್ ಒಂದನ್ನೂ ಬದಲಿಸಿ ಆಗಿತ್ತು. ಯಂತ್ರವನ್ನು ನೋಡಿಕೊಳ್ಳುತ್ತಿದ್ದ ಹಿರಿಯ ಮೆಕ್ಯಾನಿಕ್ ನನ್ನನ್ನು ಚಾವಣಿಗೆ ಕರೆದುಕೊಂಡು ಹೋಗಿ, "ಸರ್, ಯಂತ್ರದಲ್ಲಿ ನನಗೆ ಯಾವ ದೋಷವೂ ಕಾಣಿಸುತ್ತಿಲ್ಲ. ಹಳೆಯದೂ ಹತ್ತು ಟನ್, ಇದೂ ಹತ್ತು ಟನ್. ಅದು ತಂಪು ಮಾಡುತ್ತಿತ್ತು, ಇದು ಮಾಡುತ್ತಿಲ್ಲ" ಎಂದರು. ಇಲ್ಲಿ ಟನ್ ಎಂದರೆ ತೂಕವಲ್ಲ, ತಂಪು ಮಾಡುವ ಸಾಮರ್ಥ್ಯದ ಅಳತೆ. ಇಡೀ ಪ್ರಕರಣ ಆ ಮಾತಿನಲ್ಲೇ ಇತ್ತು. ಆ ಕ್ಷಣದಲ್ಲಿ ಅದು ನನಗೂ ಹೊಳೆಯಲಿಲ್ಲ.

ಯಂತ್ರ ಕೊಡುತ್ತಿದ್ದುದು ಎಷ್ಟು?

ತಂಪು ಸಾಲದು ಎಂಬ ದೂರು ಬಂದಾಗ ನಾನು ಮೊದಲು ಮಾಡುವ ಕೆಲಸ ನೀರನ್ನು ಅಳೆಯುವುದು. ಚಿಲ್ಲರ್‌ನಿಂದ ಹೊರಡುವ ತಣ್ಣೀರು ಕೊಠಡಿಯ ಶಾಖವನ್ನು ಹೊತ್ತುಕೊಂಡು ವಾಪಸ್ ಬರುತ್ತದೆ. ಎಷ್ಟು ನೀರು ಹರಿಯುತ್ತಿದೆ, ಹೋಗುವಾಗ ಮತ್ತು ಬರುವಾಗ ಎಷ್ಟು ಡಿಗ್ರಿ ಇದೆ ಎಂಬ ಮೂರು ಸಂಖ್ಯೆಗಳು ಸಿಕ್ಕರೆ ಯಂತ್ರದ ಸಾಮರ್ಥ್ಯ ಸಿಕ್ಕಂತೆ. ನಾಮಫಲಕ ಏನು ಹೇಳುತ್ತದೆ ಎಂಬುದು ಆಮೇಲಿನ ಮಾತು.

ಆ ಮಧ್ಯಾಹ್ನ ಮೂರೂವರೆಗೆ ಹೊರಗಾಳಿ 34 ಡಿಗ್ರಿ ಇತ್ತು. ಕೊಳವೆಯ ಹೊರಮೈಗೆ ಕಟ್ಟುವ ಅಲ್ಟ್ರಾಸಾನಿಕ್ ಮೀಟರ್ ಸೆಕೆಂಡಿಗೆ 1.68 ಲೀಟರ್ ಹರಿವು ತೋರಿಸಿತು. ಹೊರಡುವ ನೀರು 9.0 ಡಿಗ್ರಿ, ಮರಳುವ ನೀರು 14.2 ಡಿಗ್ರಿ. ಒಂದು ಕಿಲೋಗ್ರಾಂ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು 4.19 ಕಿಲೋಜೂಲ್ ಬೇಕು. ಹಾಗಾಗಿ,

1.68 × 4.19 × 5.2 = 36.6 ಕಿಲೋವ್ಯಾಟ್.

ಯಂತ್ರದ ಫಲಕದಲ್ಲಿ 35.2 ಕಿಲೋವ್ಯಾಟ್ ಎಂದಿತ್ತು. ಅಂದರೆ ಅದು ಹೇಳಿದ್ದಕ್ಕಿಂತ ತುಸು ಹೆಚ್ಚೇ ಕೊಡುತ್ತಿತ್ತು. ಇದರಲ್ಲಿ ವಿಚಿತ್ರವೇನೂ ಇಲ್ಲ. ಫಲಕದ ಸಂಖ್ಯೆ 7 ಡಿಗ್ರಿಯ ನೀರಿಗೆ, 35 ಡಿಗ್ರಿಯ ಹೊರಗಾಳಿಗೆ ಕೊಟ್ಟದ್ದು. ಹೊರಡುವ ನೀರಿನ ಉಷ್ಣತೆ ಏರಿದಷ್ಟೂ ಕಂಪ್ರೆಸರ್‌ಗೆ ಕೆಲಸ ಹಗುರವಾಗಿ ಸಾಮರ್ಥ್ಯ ಸ್ವಲ್ಪ ಹೆಚ್ಚುತ್ತದೆ. ನೀರನ್ನು 7ಕ್ಕೆ ತರಲಾಗದೆ ಯಂತ್ರ 9ರಲ್ಲೇ ದುಡಿಯುತ್ತಿತ್ತು. ಕೊಠಡಿ ಬಿಸಿಯಾದಂತೆ ಗೋಡೆ ಕಿಟಕಿಗಳ ಮೂಲಕ ಒಳಬರುವ ಶಾಖವೂ ಸ್ವಲ್ಪ ಕಡಿಮೆಯಾಗುತ್ತದೆ. ಬೇಕಾದದ್ದು ಇಳಿಯುತ್ತಾ, ಸಿಗುವುದು ಏರುತ್ತಾ ಎರಡೂ ಸಂಧಿಸಿದ ಜಾಗವೇ 22.5 ಡಿಗ್ರಿ.

ಹೀಗೆ ಯಂತ್ರ ನಿರ್ದೋಷಿಯೆಂದು ತಿಳಿಯಿತು. ಮೆಕ್ಯಾನಿಕ್ ಮೂರು ವಾರದಿಂದ ಹೇಳುತ್ತಿದ್ದುದು ಸರಿಯಾಗಿತ್ತು, ಅವರ ಮಾತನ್ನು ಯಾರೂ ಅಳೆದು ನೋಡಿರಲಿಲ್ಲ. ತಪ್ಪು ಯಂತ್ರದಲ್ಲಿ ಇಲ್ಲವೆಂದಮೇಲೆ ಯಂತ್ರವನ್ನು ಆರಿಸಿದ ಸಂಖ್ಯೆಯಲ್ಲಿ ಇರಬೇಕು.

ಹಳೆಯ ಕಡತದ ಪೆನ್ಸಿಲ್ ಗುರುತು

ಖರೀದಿಯ ಹಾಳೆ ಚೊಕ್ಕವಾಗಿತ್ತು. "ಹಳೆಯ ಯಂತ್ರ 10 ಟನ್. 10 × 3.517 = 35.17 ಕಿಲೋವ್ಯಾಟ್. ಆಯ್ಕೆ: 35.2 ಕಿಲೋವ್ಯಾಟ್." ಗುಣಾಕಾರ ಸರಿ. 3.517 ಎಂಬುದೂ ಸರಿ, ಯಾವ ಕೈಪಿಡಿಯಲ್ಲಿ ನೋಡಿದರೂ ಅದೇ ಸಿಗುತ್ತದೆ. ಹಾಳೆಯನ್ನು ಬರೆದ ಕಿರಿಯ ಎಂಜಿನಿಯರ್ ಎರಡು ಸಲ ಪರಿಶೀಲಿಸಿದ್ದರು. ಮೇಲಿನವರು ಮತ್ತೊಮ್ಮೆ ನೋಡಿ ಸಹಿ ಹಾಕಿದ್ದರು.

ಕಟ್ಟಡ ಕಟ್ಟಿದಾಗಿನ ಶಾಖಭಾರದ, ಅಂದರೆ ಕೊಠಡಿಯಿಂದ ತೆಗೆಯಬೇಕಾದ ಶಾಖದ, ಲೆಕ್ಕ ಇದೆಯೇ ಎಂದು ಕೇಳಿದೆ. ಅರ್ಧ ದಿನ ಹುಡುಕಿದ ಮೇಲೆ ಹಳದಿ ಬಣ್ಣಕ್ಕೆ ತಿರುಗಿದ ಒಂದು ಹಾಳೆ ಸಿಕ್ಕಿತು. ಗೋಡೆ, ಚಾವಣಿ, ದೀಪ, ಜನ, ಉಪಕರಣ, ಹೊರಗಿನ ಗಾಳಿ ಎಲ್ಲವನ್ನೂ ಕೂಡಿಸಿ ಕೊನೆಯಲ್ಲಿ ಗಂಟೆಗೆ 32,500 ಕಿಲೋಕ್ಯಾಲರಿ ಎಂದು ಟೈಪ್ ಮಾಡಲಾಗಿತ್ತು. ಅದರ ಬದಿಯಲ್ಲಿ ಪೆನ್ಸಿಲ್‌ನಲ್ಲಿ ಯಾರೋ ಬರೆದಿದ್ದರು: 9.79, ಅದರ ಮುಂದೊಂದು ಬಾಣ, ನಂತರ 10.

ಅಲ್ಲಿ ನಾನು ನಿಂತೆ. ಗಂಟೆಗೆ ಒಂದು ಕಿಲೋಕ್ಯಾಲರಿ ಎಂದರೆ 1.163 ವ್ಯಾಟ್. 32,500ನ್ನು ಅದರಿಂದ ಗುಣಿಸಿದರೆ 37.8 ಕಿಲೋವ್ಯಾಟ್ ಬರುತ್ತದೆ. ಕೊಠಡಿಗೆ ಬೇಕಾಗಿದ್ದದ್ದು ಅಷ್ಟು. 35.2 ಅಲ್ಲ. ಆದರೆ ಪೆನ್ಸಿಲ್ ಹಿಡಿದವರು 9.79 ಅನ್ನು ಎಲ್ಲಿಂದ ತಂದರು? ನಮಗೆ ಪರಿಚಿತವಾದ ಟನ್ನಿಗೆ ಗಂಟೆಗೆ 3,024 ಕಿಲೋಕ್ಯಾಲರಿ. ಅದರಿಂದ ಭಾಗಿಸಿದರೆ 10.75 ಬರುತ್ತದೆ, 9.79 ಬರುವುದಿಲ್ಲ. ಅವರು ಭಾಗಾಕಾರ ತಪ್ಪಿದರೇ? ತಪ್ಪಿದ್ದರೆ ಹಳೆಯ ಯಂತ್ರವೂ ಸಾಲದೇ ಹೋಗಬೇಕಿತ್ತು, ಆದರೆ ಅದು ಇಷ್ಟು ವರ್ಷ ಯಾವ ತಕರಾರೂ ಇಲ್ಲದೆ ಕೊಠಡಿಯನ್ನು 20ರಲ್ಲಿ ಇಟ್ಟಿತ್ತು. ಹಾಗಾಗಿ ಲೆಕ್ಕವನ್ನು ತಿರುವುಮುರುವು ಮಾಡಿದೆ. 32,500ನ್ನು 9.79ರಿಂದ ಭಾಗಿಸಿದರೆ 3,320.

3,320 ನನಗೆ ಗೊತ್ತಿದ್ದ ಸಂಖ್ಯೆ. ಅದು ಜಪಾನಿನ ಟನ್.

ಹಳೆಯ ಚಿಲ್ಲರ್ ಕಟ್ಟಡದ ಹಿಂದೆ ಗುಜರಿಗೆ ಹೋಗಲು ಕಾಯುತ್ತಾ ನಿಂತಿತ್ತು. ಫಲಕಕ್ಕೆ ಬಣ್ಣ ಬಳಿದು, ಅದರ ಮೇಲೆ ತುಕ್ಕು ಹಿಡಿದು, "10 ಆರ್‌ಟಿ" (ರೆಫ್ರಿಜರೇಶನ್ ಟನ್) ಎಂಬಷ್ಟು ಮಾತ್ರ ಓದುವಂತಿತ್ತು. ಸುತ್ತಲಿನ ಲಿಪಿ ನಮಗೆ ಯಾರಿಗೂ ಬರುತ್ತಿರಲಿಲ್ಲ. ಮೆಕ್ಯಾನಿಕ್ ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಫಲಕವನ್ನು ತಾಳ್ಮೆಯಿಂದ ಒರೆಸಿದರು. ಬ್ಯಾಟರಿ ದೀಪವನ್ನು ಓರೆಯಾಗಿ ಹಿಡಿದಾಗ ಕೆಳಗಿನ ಸಾಲಿನಲ್ಲಿ ಅಚ್ಚೊತ್ತಿದ ಅಂಕಿಗಳ ನೆರಳು ಎದ್ದಿತು. ಮೂರು, ಮೂರು, ಎರಡು, ಆಮೇಲೆ ಎರಡು ಸೊನ್ನೆಗಳು. 33,200.

ಒಂದು ಹೆಸರು, ಎರಡು ಟನ್

ಈ ಟನ್ ಹುಟ್ಟಿದ್ದು ಮಂಜುಗಡ್ಡೆಯ ವ್ಯಾಪಾರದಿಂದ. ಯಂತ್ರಗಳು ಬರುವ ಮೊದಲು ತಂಪು ಎಂದರೆ ಮಂಜುಗಡ್ಡೆ, ಅದನ್ನು ತೂಗಿ ಮಾರುತ್ತಿದ್ದರು. ಯಂತ್ರ ಬಂದಾಗ ಜನ ಕೇಳಿದ ಪ್ರಶ್ನೆ ಸಹಜವಾಗಿತ್ತು: ಇದು ದಿನಕ್ಕೆ ಎಷ್ಟು ಟನ್ ಮಂಜುಗಡ್ಡೆಯ ಕೆಲಸ ಮಾಡುತ್ತದೆ? 24 ಗಂಟೆಯಲ್ಲಿ ಒಂದು ಟನ್ ಮಂಜುಗಡ್ಡೆ ಕರಗುವಾಗ ಹೀರಿಕೊಳ್ಳುವಷ್ಟು ಶಾಖವನ್ನು ಯಂತ್ರ ತೆಗೆದರೆ ಅದು ಒಂದು ಟನ್ ಯಂತ್ರ.

ಹಾಗಾದರೆ ಒಂದು ಟನ್ ಮಂಜುಗಡ್ಡೆ ಎಂದರೆ ಎಷ್ಟು? ಅಮೆರಿಕದ ಟನ್ 2,000 ಪೌಂಡ್, ಅಂದರೆ ಸುಮಾರು 907 ಕಿಲೋಗ್ರಾಂ. ಒಂದು ಪೌಂಡ್ ಮಂಜುಗಡ್ಡೆ ಕರಗಲು 144 ಬಿಟಿಯು ಎಂದು ಹಿಡಿದರು. ಒಂದು ಪೌಂಡ್ ನೀರನ್ನು ಒಂದು ಫ್ಯಾರನ್‌ಹೀಟ್ ಡಿಗ್ರಿ ಬಿಸಿ ಮಾಡಲು ಬೇಕಾಗುವ ಶಾಖವೇ ಒಂದು ಬಿಟಿಯು. 2,000ವನ್ನು 144ರಿಂದ ಗುಣಿಸಿದರೆ 2,88,000, ಅದನ್ನು 24 ಗಂಟೆಗೆ ಹಂಚಿದರೆ ಗಂಟೆಗೆ 12,000 ಬಿಟಿಯು. ಕಿಲೋವ್ಯಾಟ್‌ನಲ್ಲಿ 3.517. ಜಪಾನಿನಲ್ಲಿ ಟನ್ ಎಂದರೆ ಮೆಟ್ರಿಕ್ ಟನ್, 1,000 ಕಿಲೋಗ್ರಾಂ. ಒಂದು ಕಿಲೋಗ್ರಾಂ ಕರಗಲು 79.68 ಕಿಲೋಕ್ಯಾಲರಿ ಎಂದು ಹಿಡಿದು, 24 ಗಂಟೆಗೆ ಹಂಚಿದಾಗ ಗಂಟೆಗೆ 3,320 ಕಿಲೋಕ್ಯಾಲರಿ. ಕಿಲೋವ್ಯಾಟ್‌ನಲ್ಲಿ 3.861. ಎರಡರ ನಡುವಿನ ಅಂತರ ಶೇಕಡಾ ಹತ್ತಕ್ಕೆ ತೀರ ಹತ್ತಿರ.

ಶೇಕಡಾ ಹತ್ತು ಎಂಬುದು ಬಹಳ ಕೆಟ್ಟ ಪ್ರಮಾಣದ ತಪ್ಪು. ಹತ್ತು ಪಟ್ಟು ತಪ್ಪಿದ್ದರೆ ಯಂತ್ರ ಬಾಗಿಲಿಗೆ ಬಂದ ದಿನವೇ ಯಾರಾದರೂ ಕಂಡುಹಿಡಿಯುತ್ತಿದ್ದರು. ಶೇಕಡಾ ಒಂದು ತಪ್ಪಿದ್ದರೆ ಯಾರಿಗೂ ತೊಂದರೆಯಾಗುತ್ತಿರಲಿಲ್ಲ. ಶೇಕಡಾ ಹತ್ತು ಹೊರಗಿನಿಂದ ಕಾಣುವುದಿಲ್ಲ, ಒಳಗಿನಿಂದ ಕೊರೆಯುತ್ತದೆ. ವರ್ಷದ ಒಂಬತ್ತು ತಿಂಗಳು ಯಂತ್ರ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಎಲ್ಲ ಉಪಕರಣಗಳೂ ಚಾಲೂ ಇದ್ದು, ಹೊರಗೆ ಬಿಸಿಲು ಸುಡುವ ದಿನ ಮಾತ್ರ ಸೋಲುತ್ತದೆ. ಆಗ ಎಲ್ಲರ ಕಣ್ಣು ಗ್ಯಾಸ್ ಸಿಲಿಂಡರ್ ಕಡೆಗೆ ತಿರುಗುತ್ತದೆ.

ಹಳೆಯ ಯಂತ್ರದ ಸಾಮರ್ಥ್ಯ 38.6 ಕಿಲೋವ್ಯಾಟ್, ಕೊಠಡಿಯ ಬೇಡಿಕೆ 37.8, ಹೊಸ ಯಂತ್ರ 35.2. ಕೊರತೆ 2.6 ಕಿಲೋವ್ಯಾಟ್. ದೊಡ್ಡದೊಂದು ರೂಮ್ ಹೀಟರ್ ಅನ್ನು ಕೊಠಡಿಯ ನಡುವೆ ಇಟ್ಟು, ಆರಿಸದೆ ಬಿಟ್ಟಂತೆ.

ಕಿರಿಯ ಎಂಜಿನಿಯರ್ ಇದನ್ನು ಕೇಳಿ ಬಹಳ ಕುಗ್ಗಿಹೋದರು. ಅವರ ಮೊಬೈಲ್‌ನಲ್ಲಿದ್ದ ಪರಿವರ್ತಕಕ್ಕೆ "10 ಟನ್" ಎಂದು ಕೊಟ್ಟಾಗ ಅದು ಯಾವ ಟನ್ ಎಂದು ಮರಳಿ ಕೇಳಲಿಲ್ಲ. ಅದರ ಪಟ್ಟಿಯಲ್ಲಿ ಇದ್ದದ್ದು ಒಂದೇ ಟನ್. ಪರಿವರ್ತಕವನ್ನು ನಂಬಬೇಡಿ ಎಂದು ನಾನು ಹೇಳಲಿಲ್ಲ, ನಾನೂ ಅದನ್ನು ದಿನವೂ ಬಳಸುತ್ತೇನೆ. ಶಾಖಭಾರದ ಮೂಲ ಹಾಳೆಯನ್ನು ಹುಡುಕದೆ ಹಳೆಯ ಫಲಕದಿಂದ ಹೊಸ ಯಂತ್ರಕ್ಕೆ ನೇರವಾಗಿ ಜಿಗಿದದ್ದು ಮಾತ್ರ ತಪ್ಪು ಎಂದೆ. ಮೂಲ ಹಾಳೆಯಿಂದ ಹೊರಟಿದ್ದರೆ ಟನ್ ಎಂಬ ಪದವೇ ದಾರಿಯಲ್ಲಿ ಬರುತ್ತಿರಲಿಲ್ಲ.

ಕೂಲಿಂಗ್ ಟವರ್‌ಗಳ ಲೋಕದಲ್ಲಿ ಇನ್ನೂ ಒಂದು ಟನ್ ಇದೆ, ಗಂಟೆಗೆ 15,000 ಬಿಟಿಯು. ಕಟ್ಟಡದಿಂದ ತೆಗೆದ 12,000ಕ್ಕೆ ಕಂಪ್ರೆಸರ್ ಸೇರಿಸಿದ ಸುಮಾರು 3,000ವನ್ನು ಕೂಡಿಸಿ ಅಷ್ಟನ್ನೂ ಟವರ್ ಹೊರಹಾಕಬೇಕಾದ್ದರಿಂದ ಆ ರೂಢಿ ಬಂದಿತು. ನಮ್ಮ ಚಿಲ್ಲರ್ ಗಾಳಿಯಿಂದ ತಣಿಯುವಂಥದ್ದು, ಆ ಗೊಂದಲ ಇಲ್ಲಿ ತಪ್ಪಿತು.

ಯಾವುದರ ಕಿಲೋವ್ಯಾಟ್?

ಕಡತ ತಿರುವುತ್ತಿದ್ದಾಗ ಇನ್ನೊಂದು ಹಾಳೆ ಕಣ್ಣಿಗೆ ಬಿತ್ತು. ವಿದ್ಯುತ್ ವಿಭಾಗದವರು "ಚಿಲ್ಲರ್ 35.2 ಕಿಲೋವ್ಯಾಟ್" ಎಂಬುದನ್ನು ಓದಿ, ಅಷ್ಟು ವಿದ್ಯುತ್ ಎಳೆಯುವ ಯಂತ್ರಕ್ಕೆ ತಕ್ಕ ಬ್ರೇಕರ್ ಹಾಕಿದ್ದರು. ಆ 35.2 ಯಂತ್ರ ಸಾಗಿಸುವ ಶಾಖ. ಅದು ಎಳೆಯುವ ವಿದ್ಯುತ್ 11.7 ಕಿಲೋವ್ಯಾಟ್ ಮಾತ್ರ. ಚಿಲ್ಲರ್ ಶಾಖವನ್ನು ಹುಟ್ಟಿಸುವುದಿಲ್ಲ, ಒಂದೆಡೆಯಿಂದ ಇನ್ನೊಂದೆಡೆಗೆ ಪಂಪ್ ಮಾಡುತ್ತದೆ. ಆದ್ದರಿಂದ ಒಂದು ಪಾಲು ವಿದ್ಯುತ್ತಿಗೆ ಮೂರು ಪಾಲು ಶಾಖ ಸಾಗುವುದರಲ್ಲಿ ಪವಾಡವೇನೂ ಇಲ್ಲ.

ಬ್ರೇಕರ್ ದೊಡ್ಡದಿದ್ದರೆ ಒಳ್ಳೆಯದೇ ಅಲ್ಲವೇ ಎಂದು ಒಬ್ಬರು ಕೇಳಿದರು. ಖಂಡಿತ ಅಲ್ಲ. ಕಂಪ್ರೆಸರ್ ಮೇಲೆ ಭಾರ ಹೆಚ್ಚಿ ಎರಡು ಪಟ್ಟು ಕರೆಂಟ್ ಎಳೆದರೂ ಮೂರು ಪಟ್ಟಿಗೆ ಆರಿಸಿದ ಬ್ರೇಕರ್ ಅದನ್ನು ಸಾಮಾನ್ಯ ಭಾರವೆಂದೇ ಭಾವಿಸುತ್ತದೆ. ತಯಾರಕರು ಹೇಳಿದ ಗರಿಷ್ಠ ಮಿತಿಯೊಳಗಿನ ಬ್ರೇಕರ್ ಅನ್ನು ಅದೇ ವಾರ ಹಾಕಿಸಿದೆವು. ಇಡೀ ಪ್ರಕರಣದಲ್ಲಿ ಬೆಂಕಿಯ ಅಪಾಯವಿದ್ದದ್ದು ಇದೊಂದರಲ್ಲೇ. ಅದನ್ನು ಯಾರೂ ದೂರಿನಲ್ಲಿ ಬರೆದಿರಲಿಲ್ಲ.

ಅಶ್ವಶಕ್ತಿಯ ಮಾತೂ ಇಲ್ಲೇ ಬಂದಿತು. ಹಳೆಯ ಯಂತ್ರದ ಕಂಪ್ರೆಸರ್ 15 ಎಚ್‌ಪಿ ಇತ್ತೆಂದೂ, "ಒಂದು ಎಚ್‌ಪಿಗೆ ಒಂದು ಟನ್" ಎಂಬ ರೂಢಿಯ ಸೂತ್ರದಂತೆ ಅದು 15 ಟನ್ ಆಗಿರಬಹುದೆಂದೂ ಒಬ್ಬರು ವಾದಿಸಿದರು. ಒಂದು ಎಚ್‌ಪಿ 0.746 ಕಿಲೋವ್ಯಾಟ್. ಅಷ್ಟು ವಿದ್ಯುತ್ತಿನಿಂದ 3.517 ಕಿಲೋವ್ಯಾಟ್ ಶಾಖ ಸಾಗಬೇಕಾದರೆ ಯಂತ್ರ ಒಂದಕ್ಕೆ 4.7ರಷ್ಟು ಕೊಡಬೇಕು. ನೀರಿನಿಂದ ತಣಿಯುವ ಒಳ್ಳೆಯ ಯಂತ್ರಗಳಿಗೆ ಅದು ಸಾಧ್ಯ, ಬಿಸಿ ಚಾವಣಿಯ ಮೇಲೆ ಗಾಳಿಯಿಂದ ತಣಿಯುವ ಯಂತ್ರಕ್ಕೆ ಅಲ್ಲ. ಇನ್ನು ಕೆಲವು ಮಾರುಕಟ್ಟೆಗಳಲ್ಲಿ ಕೋಣೆಯ ಏಸಿಗಳನ್ನು "ಒಂದು ಎಚ್‌ಪಿ" ಎಂದು ಕರೆದು, ಗಂಟೆಗೆ ಸುಮಾರು 9,000 ಬಿಟಿಯು ತಂಪು ಎಂಬ ಅರ್ಥದಲ್ಲಿ ಮಾರುತ್ತಾರೆ. ಅದನ್ನು 0.746ರಿಂದ ಗುಣಿಸಿದವರಿಗೆ 2.6 ಕಿಲೋವ್ಯಾಟ್ ತಂಪಿನ ಬದಲು ಅದರ ಕಾಲುಭಾಗಕ್ಕಿಂತ ಸ್ವಲ್ಪ ಹೆಚ್ಚು ಸಿಗುತ್ತದೆ. ಮೋಟಾರಿಗೆ ಎಚ್‌ಪಿ ಸರಿ. ತಂಪಿಗೆ ಆ ಪದವನ್ನು ನಾನು ಬಳಸುವುದೇ ಇಲ್ಲ.

ಬಾಯ್ಲರ್ ಹಾಳೆ

ಅದೇ ಕಟ್ಟಡದ ಬಿಸಿನೀರಿನ ಬಾಯ್ಲರ್ ಬದಲಿಸಲು ಇನ್ನೊಂದು ಖರೀದಿ ಹಾಳೆ ಸಿದ್ಧವಾಗಿತ್ತು. ಚಿಲ್ಲರ್ ವಿಷಯ ಗೊತ್ತಾದ ಮೇಲೆ ಅದನ್ನೂ ನೋಡೋಣ ಎಂದರು. ಹಳೆಯ ಬಾಯ್ಲರ್ ಫಲಕದಲ್ಲಿ "10 ಬಿಎಚ್‌ಪಿ" ಎಂದಿತ್ತು. ಹಾಳೆಯಲ್ಲಿ ಅದನ್ನು 7.46 ಕಿಲೋವ್ಯಾಟ್ ಎಂದು ಬರೆಯಲಾಗಿತ್ತು.

ಇಲ್ಲಿ ತಪ್ಪು ಶೇಕಡಾ ಹತ್ತಲ್ಲ, ಹದಿಮೂರು ಪಟ್ಟು. ಮೋಟಾರಿನ ಲೋಕದಲ್ಲಿ ಬಿಎಚ್‌ಪಿ ಎಂದರೆ ಶಾಫ್ಟ್‌ನಲ್ಲಿ ಸಿಗುವ ಅಶ್ವಶಕ್ತಿ. ಬಾಯ್ಲರ್ ಲೋಕದಲ್ಲಿ ಅದೇ ಮೂರಕ್ಷರ ಬಾಯ್ಲರ್ ಅಶ್ವಶಕ್ತಿಯನ್ನು ಸೂಚಿಸುತ್ತದೆ: 100 ಡಿಗ್ರಿಯ ನೀರನ್ನು ಗಂಟೆಗೆ 34.5 ಪೌಂಡ್ ಆವಿಯಾಗಿ ಮಾಡುವಷ್ಟು ಶಾಖ. ಅದು 9.81 ಕಿಲೋವ್ಯಾಟ್. ಹಾಗಾಗಿ ಹತ್ತು ಬಿಎಚ್‌ಪಿ ಎಂದರೆ 98 ಕಿಲೋವ್ಯಾಟ್.

ಫಲಕದ ಇನ್ನೊಂದು ಸಾಲು ಇದನ್ನು ಖಚಿತಪಡಿಸಿತು: "ಇನ್‌ಪುಟ್ 420 ಎಂಬಿಎಚ್". ಇಲ್ಲಿನ ಎಂ ಮೆಗಾ ಅಲ್ಲ, ರೋಮನ್ ಅಂಕಿಯ ಸಾವಿರ. 420 ಎಂಬಿಎಚ್ ಎಂದರೆ ಗಂಟೆಗೆ 4,20,000 ಬಿಟಿಯು, ಅಂದರೆ 123 ಕಿಲೋವ್ಯಾಟ್. ಅದು ಉರಿಯುವ ಇಂಧನದ ಶಾಖ. ಅದರಲ್ಲಿ ನೀರಿಗೆ ಸೇರುವುದು 98, ಅಂದರೆ ಶೇಕಡಾ 80. ಹಳೆಯ ಬಾಯ್ಲರ್‌ಗೆ ಅದು ತಕ್ಕ ದಕ್ಷತೆಯೇ. ಎರಡು ಸಾಲುಗಳು ಒಂದಕ್ಕೊಂದು ಸಾಕ್ಷಿ ನುಡಿದಾಗ ಸಿಗುವ ನೆಮ್ಮದಿ ಈ ಕೆಲಸದಲ್ಲಿ ನನಗೆ ಬಹಳ ಪ್ರಿಯವಾದದ್ದು. ಫಲಕದಲ್ಲಿ ಎರಡು ಸಂಖ್ಯೆಗಳಿದ್ದರೆ ಒಂದನ್ನು ಮಾತ್ರ ಓದಿ ಬರಬಾರದು.

ಹಾಳೆ ತಿದ್ದಿದೆವು. ಬೇಕಾದದ್ದು ನೀರಿಗೆ ಸೇರುವ 98 ಕಿಲೋವ್ಯಾಟ್ ಎಂದು ಬರೆದೆವು, ಬರಿಯ "98 ಕಿಲೋವ್ಯಾಟ್" ಎಂದಲ್ಲ.

ಸರಿಪಡಿಸಿದ ಬಗೆ

ಒಂದು ಬೇಸಿಗೆಯೂ ಕಳೆಯದ ಚಿಲ್ಲರ್ ಅನ್ನು ಕಿತ್ತು ಬೇರೆಯದನ್ನು ಇಡುವುದು ನನಗೆ ಸರಿಕಾಣಲಿಲ್ಲ. ಅತಿ ಹೆಚ್ಚು ಶಾಖ ಹೊರಸೂಸುವ ಮೂರು ಉಪಕರಣಗಳು ಕೊಠಡಿಯ ಒಂದೇ ಮೂಲೆಯಲ್ಲಿದ್ದವು. ಆ ಮೂಲೆಗೆ ಪ್ರತ್ಯೇಕವಾಗಿ ಸಣ್ಣ ಘಟಕವೊಂದನ್ನು ಹಾಕಲು ನಿರ್ಧರಿಸಿದೆವು. ಎಷ್ಟು ದೊಡ್ಡದು ಎಂಬ ಲೆಕ್ಕವನ್ನು 35 ಡಿಗ್ರಿಗೆ ನಿಲ್ಲಿಸಲಿಲ್ಲ. ಆ ಚಾವಣಿಯ ಮೇಲೆ ಅತಿ ಬಿಸಿಯ ದಿನ 40 ಡಿಗ್ರಿ ಮುಟ್ಟುತ್ತಿತ್ತು. ಆ ಉಷ್ಣತೆಯಲ್ಲಿ ಚಿಲ್ಲರ್ ಸ್ವತಃ 33.4 ಕಿಲೋವ್ಯಾಟ್‌ಗೆ ಇಳಿಯುತ್ತದೆ ಎಂದು ತಯಾರಕರ ಕೋಷ್ಟಕ ಹೇಳುತ್ತಿತ್ತು. ಹಾಗಾಗಿ ನಿಜವಾದ ಕೊರತೆ 2.6 ಅಲ್ಲ, 4.4.

ಮೂವರು ಮಾರಾಟಗಾರರಿಂದ ದರಪಟ್ಟಿ ಬಂದವು. ಮೊದಲನೆಯವರು ದಕ್ಷತೆ 10.2 ಎಂದಿದ್ದರು, ಎರಡನೆಯವರು 3.1, ಮೂರನೆಯವರು ಟನ್ನಿಗೆ 1.2 ಕಿಲೋವ್ಯಾಟ್. 10.2 ಕಂಡ ತಕ್ಷಣ ಸಭೆಯಲ್ಲಿ ಹಲವರ ಮನಸ್ಸು ಅತ್ತ ವಾಲಿತು. ಆದರೆ ಮೊದಲನೆಯ ಸಂಖ್ಯೆ ಪ್ರತಿ ವ್ಯಾಟ್ ವಿದ್ಯುತ್ತಿಗೆ ಗಂಟೆಗೆ ಎಷ್ಟು ಬಿಟಿಯು ಎಂಬುದು. ಒಂದು ವ್ಯಾಟ್ ಎಂದರೆ ಗಂಟೆಗೆ 3.412 ಬಿಟಿಯು, ಅದರಿಂದ ಭಾಗಿಸಿದರೆ 2.99. ಎರಡನೆಯದು ಒಂದು ಪಾಲು ವಿದ್ಯುತ್ತಿಗೆ ಎಷ್ಟು ಪಾಲು ಶಾಖ ಸಾಗುತ್ತದೆ ಎಂಬ ನೇರ ಅನುಪಾತ, ಅದು 3.1 ಆಗಿಯೇ ಉಳಿಯಿತು. ಮೂರನೆಯದರಲ್ಲಿ 3.517ನ್ನು 1.2ರಿಂದ ಭಾಗಿಸಿದರೆ 2.93, ಅಲ್ಲಿ ಸಂಖ್ಯೆ ಚಿಕ್ಕದಾದಷ್ಟೂ ಯಂತ್ರ ಮೇಲು. ಒಂದೇ ತಕ್ಕಡಿಯಲ್ಲಿ ಇಟ್ಟಾಗ ಮೂರರ ನಡುವೆ ಹೆಚ್ಚು ಅಂತರವೇ ಇರಲಿಲ್ಲ. ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತಿದ್ದ 10.2ರದ್ದಲ್ಲ, ನಡುವೆ ನಿಂತಿದ್ದ 3.1ರ ಘಟಕವೇ ಮೇಲಾಗಿತ್ತು. ಅದರ ಕರಪತ್ರದಲ್ಲಿ "2 ಟನ್" ಎಂದಿತ್ತು. ಯಾವ ಟನ್ ಎಂದು ಬರೆದು ಕೇಳಿದೆವು. ಗಂಟೆಗೆ 24,000 ಬಿಟಿಯು ಎಂಬ ಉತ್ತರ ಬಂದಿತು, ಅಂದರೆ 7.03 ಕಿಲೋವ್ಯಾಟ್. 40 ಡಿಗ್ರಿಯಲ್ಲಿ 6.5. ಸಾಕಿತ್ತು.

ಘಟಕ ಚಾಲೂ ಆದ ಮೇಲೆ ಬಂದ ಮೊದಲ ಸುಡುಬಿಸಿಲಿನ ದಿನ ನಾನು ಮತ್ತೆ ಹೋದೆ. ಮೂರೂವರೆಗೆ ಚಿಲ್ಲರ್‌ನಿಂದ ಹೊರಡುವ ನೀರು 7.1 ಡಿಗ್ರಿ, ಕೊಠಡಿ 20.3. ಮೆಕ್ಯಾನಿಕ್ ಆ ಸಂಖ್ಯೆಗಳನ್ನು ದಿನಚರಿ ಪುಸ್ತಕದಲ್ಲಿ ಬರೆದು, ನನ್ನ ಕೈಗೆ ಕೊಟ್ಟು ಸಹಿ ಮಾಡಿಸಿಕೊಂಡರು. ಆಮೇಲೆ ಕಿರಿಯ ಎಂಜಿನಿಯರ್ ತಾವೇ ಅಚ್ಚು ಮಾಡಿಸಿ ತಂದಿದ್ದ ಅಲ್ಯೂಮಿನಿಯಂ ಫಲಕವೊಂದನ್ನು ಚಿಲ್ಲರ್‌ನ ಮೈಗೆ ರಿವೆಟ್ ಹೊಡೆದು ಕೂರಿಸಿದರು. ಅದರಲ್ಲಿ ಟನ್ ಎಂಬ ಪದ ಇರಲಿಲ್ಲ. ಹೀಗಿತ್ತು:

ತಂಪಿನ ಸಾಮರ್ಥ್ಯ 35.2 ಕಿಲೋವ್ಯಾಟ್, ಶಾಖ. ಹೊರಡುವ ನೀರು 7 ಡಿಗ್ರಿ, ಹೊರಗಾಳಿ 35 ಡಿಗ್ರಿ ಇರುವಾಗ. ಎಳೆಯುವ ವಿದ್ಯುತ್ 11.7 ಕಿಲೋವ್ಯಾಟ್. ಕೊಠಡಿಯ ಶಾಖಭಾರ 37.8 ಕಿಲೋವ್ಯಾಟ್, ಉಳಿದದ್ದು ಮೂಲೆಯ ಘಟಕದಿಂದ.